ಖಾಲಿ ಕೈಯೂ ಸೈತಾನನ ಉದ್ಯೋಗವೂ

ಬೇಸಗೆಯ ರಜಾ ಬಂದಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುವುದು. ಹುಡುಗರು ಮಾವಿನ ಮರಕ್ಕೆ ಕಲ್ಲೆಸೆದರೆ, ಇಲ್ಲವೆ ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯನ್ನು ಕೆಡವಿದರೆ, ಇಂಗ್ಲಿಷು ಬಲ್ಲ ಚಿಕ್ಕಪ್ಪನೋ ಸೋದರಮಾವನೋ ಗಂಭೀರವಾಗಿ, “ಖಾಲಿ ಕೈಗೆ ಸೈತಾನನು ಕೆಲಸ ಹುಡುಕಿಕೊಡುತ್ತಾನೆ” ಎಂದು ನುಡಿಯುವರು. ಇದಕ್ಕೆ ಒಂದು ಸೋದರಿಯೂ ಉಂಟು: “ಸೋಮಾರಿಯ ತಲೆ ಸೈತಾನನ ಕಾರ್ಖಾನೆ.” ಎರಡೂ ಆಂಗ್ಲ ಭಾಷೆಯಿಂದ ನಮ್ಮಲ್ಲಿಗೆ ಬಂದ ನುಡಿಗಳು. ಶಾಲೆಯ ಗೋಡೆಗಳ ಮೇಲೆ, ಪ್ರಬಂಧದ ಪುಸ್ತಕಗಳಲ್ಲಿ, ಸಭೆಗಳ ಉಪನ್ಯಾಸಗಳಲ್ಲಿ ಇವು ಎಷ್ಟು ಕಾಲದಿಂದ ಬೀಡುಬಿಟ್ಟಿವೆಯೆಂದರೆ, ಈ ಅತಿಥಿಗಳು ಯಾರು, ಎಲ್ಲಿಂದ ಬಂದವರು ಎಂದು ವಿಚಾರಿಸುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ.

ಈ ಸಲ ನಾವು ಆ ವಿಚಾರಣೆಯನ್ನು ಕೈಗೊಂಡಿದ್ದೇವೆ. ನಾಣ್ಣುಡಿಯ ಹುಟ್ಟನ್ನು ತಿಳಿದರೆ ಸಾಲದು. ಅದು ನಮ್ಮ ನೆಲದಲ್ಲಿ ನಿಜವಾಗಿ ನಿಲ್ಲುವುದೇ ಎಂಬುದನ್ನೂ ನೋಡತಕ್ಕುದು. ಅದಕ್ಕೆ ಒರೆಗಲ್ಲಾಗಿ ಮೈಸೂರು ಜಿಲ್ಲೆಯ ಪಶ್ಚಿಮದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ಸೀಮೆಗಳನ್ನು ಆರಿಸಿಕೊಂಡಿದ್ದೇವೆ. ಒಂದು ಕಡೆ ಕಾವೇರಿಯ ನಾಲೆಯ ಬತ್ತದ ಗದ್ದೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಹೊಲ, ಅದನ್ನು ದಾಟಿದರೆ ಆನೆಯ ಕಾಡು. ಮನುಷ್ಯನ ಕೈ ದುಡಿಯುವ ಬಗೆಗಳನ್ನೂ ಅದು ಸುಮ್ಮನಿರುವ ಬಗೆಗಳನ್ನೂ ಇಷ್ಟು ಹತ್ತಿರ ಹತ್ತಿರದಲ್ಲಿ ತೋರಿಸುವ ಪ್ರದೇಶ ಬೇರೆ ದೊರೆಯುವುದು ಕಷ್ಟ.

ಮೊದಲು ಹುಟ್ಟಿನ ಸಂಗತಿ. ಈ ಮಾತನ್ನು ಆಂಗ್ಲೇಯರು ತಮ್ಮದೆಂದು ಹೇಳಿಕೊಂಡರೂ ಅದರ ಬೇರು ಇಂಗ್ಲೆಂಡಿನಲ್ಲಿಲ್ಲ. ಕ್ರಿಸ್ತಶಕ ೫ನೆಯ ಶತಮಾನದ ಆದಿಯಲ್ಲಿ ಬೆತ್ಲೆಹೇಮಿನಲ್ಲಿ ಜೆರೋಮ್ ಎಂಬ ಕ್ರೈಸ್ತ ಪಂಡಿತನು ಆಶ್ರಮ ಕಟ್ಟಿಕೊಂಡಿದ್ದನು. ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಕೀರ್ತಿ ಈತನದು. ಗಾಲ್ ದೇಶದ ರಸ್ಟಿಕಸ್ ಎಂಬ ತರುಣನು ಸನ್ಯಾಸಜೀವನಕ್ಕೆ ಕಾಲಿಡುವಾಗ ಜೆರೋಮನು ಅವನಿಗೊಂದು ದೀರ್ಘವಾದ ಪತ್ರವನ್ನು ಬರೆದನು. ಏನಾದರೊಂದು ಕೆಲಸದಲ್ಲಿ ನಿರತನಾಗಿರು, ಸೈತಾನನು ಬಂದಾಗಲೆಲ್ಲ ನಿನಗೆ ಬಿಡುವಿಲ್ಲದಿರಲಿ ಎಂಬುದು ಅದರಲ್ಲಿನ ಬುದ್ಧಿವಾದದ ತಿರುಳು. ಕೆಲಸಗಳೆಂದರೆ ಯಾವುವು? ಜೊಂಡಿನಿಂದ ಬುಟ್ಟಿ ಹೆಣೆ, ನೆಲ ಅಗೆ, ಪಾತಿ ಕಟ್ಟು, ಜೇನುಗೂಡುಗಳನ್ನು ಮಾಡು ಎಂದು ಆತನು ಎಣಿಸುತ್ತಾನೆ. ಜೇನುಗೂಡಿನ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ಮುಂದೆ ಕೋಟೆಯ ಕಾಡಿಗೆ ಹೋದಾಗ ಅದು ಮತ್ತೆ ಬರುವುದು.

ಸನ್ಯಾಸಿಗೆ ಹೀಗೇಕೆ ಹೇಳಬೇಕಾಯಿತು? ಈಜಿಪ್ಟಿನ ಮರಳುಗಾಡಿನಲ್ಲಿ ಒಂಟಿಯಾಗಿ ಗುಡಿಸಲು ಕಟ್ಟಿಕೊಂಡು ತಪಸ್ಸು ಮಾಡುತ್ತಿದ್ದವರಿಗೆ ನಡುಹಗಲಿನಲ್ಲಿ ಒಂದು ಬಗೆಯ ಬೇಸರ ಕವಿಯುತ್ತಿದ್ದಿತು. ಹೊತ್ತು ಹೋಗದು, ಪ್ರಾರ್ಥನೆ ಬೇಡ, ಗುಡಿಸಲಿನಿಂದ ಹೊರಗೆ ಇಣುಕಿ ಇಣುಕಿ ಯಾರಾದರೂ ಬರುವರೇ ಎಂದು ನೋಡಬೇಕೆನಿಸುವುದು. ಇದನ್ನು ಅವರು ನಡುಹಗಲ ಭೂತವೆಂದು ಕರೆದರು. ಕ್ಯಾಸಿಯನ್ ಎಂಬಾತನು ಪೌಲನೆಂಬ ಒಬ್ಬ ಹಿರಿಯ ತಪಸ್ವಿಯ ಕಥೆಯನ್ನು ಬರೆದಿಟ್ಟಿದ್ದಾನೆ. ಪೌಲನ ನೆಲೆಯಿಂದ ಊರಿಗೆ ಏಳು ದಿನದ ದಾರಿ. ಬುಟ್ಟಿ ಹೆಣೆದು ಮಾರೋಣವೆಂದರೆ ಸಾಗಣೆಯ ವೆಚ್ಚವೇ ಬೆಲೆಗಿಂತ ಹೆಚ್ಚು. ಆದರೂ ಆತನು ದಿನದಿನವೂ ಖರ್ಜೂರದ ಗರಿಗಳನ್ನು ಕೂಡಿಟ್ಟು, ಹೊಟ್ಟೆಪಾಡೇ ಅದರಿಂದ ನಡೆಯಬೇಕೋ ಎಂಬಂತೆ ಅಂದಂದಿನ ಕೆಲಸವನ್ನು ಮಾಡಿ ಮುಗಿಸುತ್ತಿದ್ದನು. ವರ್ಷ ಕಳೆದು ಗವಿ ತುಂಬಿದಾಗ ಎಲ್ಲವನ್ನೂ ರಾಶಿ ಹಾಕಿ ಬೆಂಕಿಯಿಡುತ್ತಿದ್ದನು. ಮರುದಿನ ಮತ್ತೆ ಮೊದಲಿನಿಂದ.

ಈ ಕಥೆಯಲ್ಲಿ ನಮಗೆ ತುಂಬ ಬೆಲೆಯುಳ್ಳದ್ದಾಗಿ ತೋರುವ ಅಂಶವೊಂದಿದೆ. ಖಾಲಿ ಕೈಯ ಭಯವೆಂಬುದು ಹುಟ್ಟಿದ್ದು ಹೊಲದಲ್ಲಿ ದುಡಿಯುವವನನ್ನು ಕುರಿತಲ್ಲ. ತಾನಾಗಿ ಸಂಸಾರವನ್ನು ತೊರೆದು, ಹೊತ್ತು ಕಳೆಯುವುದನ್ನೇ ದೊಡ್ಡ ಕಷ್ಟವಾಗಿ ಮಾಡಿಕೊಂಡ ಸನ್ಯಾಸಿಯನ್ನು ಕುರಿತು. ಅದು ತನಗೆ ತಾನು ಹೇಳಿಕೊಳ್ಳುವ ಎಚ್ಚರಿಕೆಯಾಗಿದ್ದಿತು. ಇನ್ನೊಬ್ಬನ ಕಡೆಗೆ ಬೆರಳು ತೋರಿಸುವ ಮಾತಾದದ್ದು ಆಮೇಲೆ.

ಆಮೇಲಿನ ದಾರಿಯನ್ನು ಬೇಗನೆ ಹೇಳಿ ಮುಗಿಸಬಹುದು. ೧೪ನೆಯ ಶತಮಾನದ ಆಂಗ್ಲಕವಿ ಚಾಸರನು ತನ್ನ ಕಥೆಗಳಲ್ಲೊಂದರಲ್ಲಿ ಜೆರೋಮನ ಹೆಸರನ್ನೇ ಹೇಳಿ ಈ ಬುದ್ಧಿವಾದವನ್ನು ಇಂಗ್ಲಿಷಿಗೆ ತಂದನು. ೧೭೧೫ರಲ್ಲಿ ಐಸಾಕ್ ವಾಟ್ಸ್ ಎಂಬ ಪಾದ್ರಿಯು ಮಕ್ಕಳಿಗಾಗಿ ನೀತಿಯ ಹಾಡುಗಳ ಪುಸ್ತಕವೊಂದನ್ನು ಪ್ರಕಟಿಸಿದನು. ಅದರಲ್ಲಿ ಜೇನುನೊಣವನ್ನು ಮಾದರಿಯಾಗಿ ತೋರಿಸಿ ಸೋಮಾರಿತನವನ್ನು ಹಳಿಯುವ ಹಾಡೊಂದುಂಟು. ಇಂದು ನಾವು ಹೇಳುವ ಸೈತಾನನ ಮಾತು ಈ ರೂಪದಲ್ಲಿ ಜನಜನಿತವಾದದ್ದು ಆ ಜೇನುನೊಣದ ಹಾಡಿನಿಂದ. ಆಂಗ್ಲೇಯರ ಮಕ್ಕಳು ತಲೆತಲಾಂತರವಾಗಿ ಅದನ್ನು ಬಾಯಿಪಾಠ ಮಾಡಿದರು. ಬೇಸತ್ತೂ ಹೋದರೆಂದು ತೋರುತ್ತದೆ. ಏಕೆಂದರೆ ೧೮೬೫ರಲ್ಲಿ ಲೂಯಿಸ್ ಕ್ಯಾರಲ್ ತನ್ನ ‘ಆಲಿಸ್’ ಕಥೆಯಲ್ಲಿ ಜೇನುನೊಣವನ್ನು ತೆಗೆದು ಅದರ ಸ್ಥಾನದಲ್ಲಿ ಒಂದು ಮೊಸಳೆಯನ್ನು ಕೂರಿಸಿ ಆ ಹಾಡನ್ನು ಅಣಕಿಸಿದನು. ಅಣಕವೇ ಇಂದು ಮೂಲಕ್ಕಿಂತ ಹೆಚ್ಚು ಪ್ರಸಿದ್ಧ.

ಇನ್ನು ಪದದ ಅರ್ಥ. ಈ ನಾಣ್ಣುಡಿಯಲ್ಲಿ ಬರುವ ‘ಐಡಲ್’ ಎಂಬ ಇಂಗ್ಲಿಷು ಮಾತಿಗೆ ಹಳಗಾಲದಲ್ಲಿದ್ದ ಅರ್ಥ ಸೋಮಾರಿಯೆಂದಲ್ಲ. ಬರಿದು, ಶೂನ್ಯ, ಪ್ರಯೋಜನವಿಲ್ಲದ್ದು ಎಂದು. ಸೃಷ್ಟಿಗೆ ಮುಂಚೆ ಭೂಮಿ ಬರಿದಾಗಿತ್ತು ಎಂಬ ಬೈಬಲಿನ ವಾಕ್ಯಕ್ಕೆ ಹಳೆಯ ಆಂಗ್ಲರು ಈ ಪದವನ್ನೇ ಬಳಸಿದ್ದರು. ಬರಬರುತ್ತ ಬರಿದಾದ ಕೈ, ಕೆಲಸ ಸಿಕ್ಕದ ಕೈ, ದಣಿದು ವಿರಮಿಸುವ ಕೈ, ಕೆಲಸಕ್ಕೆ ಬಾಗದ ಕೈ ಇವೆಲ್ಲವೂ ಆ ಒಂದೇ ಪದದ ಕೊಡೆಯ ಕೆಳಗೆ ಸೇರಿಹೋದವು. ಇದರಿಂದಾದ ಅನರ್ಥ ಸಣ್ಣದಲ್ಲ. ೧೫೪೭ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಶಾಸನವಾಯಿತು: ಮೈಯಲ್ಲಿ ಶಕ್ತಿಯಿದ್ದೂ ಕೆಲಸವಿಲ್ಲದೆ ಅಲೆಯುವವನನ್ನು ಹಿಡಿದು, ಎದೆಯ ಮೇಲೆ ಕಾದ ಕಬ್ಬಿಣದಿಂದ ಅಕ್ಷರದ ಬರೆಯಿಟ್ಟು, ಹಿಡಿದುಕೊಟ್ಟವನಿಗೆ ಎರಡು ವರ್ಷ ಗುಲಾಮನನ್ನಾಗಿ ಒಪ್ಪಿಸತಕ್ಕುದು. ಕೆಲವೇ ವರ್ಷಗಳಲ್ಲಿ ಅದು ರದ್ದಾಯಿತಾದರೂ ಅದನ್ನು ಹುಟ್ಟಿಸಿದ ಭಾವನೆ ರದ್ದಾಗಲಿಲ್ಲ. ಆ ಕಾಲದಲ್ಲಿ ಉಳುವ ಭೂಮಿಗಳಿಗೆ ಬೇಲಿ ಹಾಕಿ ಕುರಿಗಳನ್ನು ಬಿಟ್ಟಿದ್ದರಿಂದ ನೆಲೆ ತಪ್ಪಿ ಅಲೆಯುತ್ತಿದ್ದವರೂ ಅನೇಕರು. ಕೆಲಸ ಬೇಡವೆನ್ನುವುದು ಬೇರೆ, ಕೆಲಸ ದೊರೆಯದಿರುವುದು ಬೇರೆ ಎಂದು ತೋರಿಸುವ ‘ನಿರುದ್ಯೋಗ’ವೆಂಬ ಪ್ರತ್ಯೇಕ ಪದ ಇಂಗ್ಲಿಷಿನಲ್ಲಿ ಬಳಕೆಗೆ ಬಂದುದು ೧೯ನೆಯ ಶತಮಾನದ ಕೊನೆಯ ವೇಳೆಗೆ ಮಾತ್ರ.

ನಮ್ಮ ಆಡುಮಾತು ಈ ವಿಷಯದಲ್ಲಿ ಹೇಗಿದೆ? ಮೊದಲಿಗೆ ‘ಸೋಮಾರಿ’ ಎಂಬ ಪದವನ್ನೇ ನೋಡೋಣ. ಸೋಮವಾರದ ದಿನ ಎತ್ತುಗಳಿಗೆ ನೊಗ ಹೂಡಬಾರದೆಂಬ ರೂಢಿ ನಮ್ಮ ಸೀಮೆಯಲ್ಲಿರುವುದರಿಂದ, ಸೋಮವಾರದಂದು ಮಲಗುವವನು ಸೋಮಾರಿಯೆಂದು ಯಾರಾದರೂ ತಮಾಷೆ ಮಾಡಬಹುದು. ಆದರೆ ವಾರಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ತಮಿಳಿನ ‘ಸೋಂಬು’, ‘ಸೋಂಬೇರಿ’, ತೆಲುಗಿನ ‘ಸೋಮರಿ’ ಇವುಗಳ ಕುಲಕ್ಕೆ ಸೇರಿದ ಶುದ್ಧ ದ್ರಾವಿಡ ಶಬ್ದ ಅದು. ಇದಕ್ಕಿಂತ ಸೊಗಸಾದುದು ‘ಮೈಗಳ್ಳ’. ಕಳ್ಳನು ಇನ್ನೊಬ್ಬರ ಒಡವೆಯನ್ನು ಅಡಗಿಸುವನು. ಇವನು ತನ್ನ ಮೈಯನ್ನೇ ಕೆಲಸದ ಕಣ್ಣಿಗೆ ಬೀಳದಂತೆ ಅಡಗಿಸುವನು. ಉಂಡು ಆಡುವುದೇ ಉದ್ಯೋಗವಾದವನು ‘ಉಂಡಾಡಿ’. ಊರ ದೇವರಿಗೆ ಬಿಟ್ಟ ಗೂಳಿಯಂತೆ ಮೇಯುತ್ತ ತಿರುಗುವವನು ‘ಬೀದಿ ಬಸವ’. ಗಿರಾಕಿಗಳಿಲ್ಲದೆ ಅಂಗಡಿಯಲ್ಲಿ ಕುಳಿತವನು ‘ನೊಣ ಹೊಡೆಯುತ್ತಾನೆ’. ಈ ಕೊನೆಯ ಮಾತಿನಲ್ಲಿ ಬೈಗಳಕ್ಕಿಂತ ಕನಿಕರವೇ ಹೆಚ್ಚೆಂಬುದನ್ನು ಗಮನಿಸಬೇಕು. ಅಂಗಡಿಯವನು ಮೈಗಳ್ಳನಲ್ಲ, ವ್ಯಾಪಾರವಿಲ್ಲ, ಅಷ್ಟೆ.

‘ಆಲಸ್ಯ’ವೆಂಬ ಸಂಸ್ಕೃತ ಶಬ್ದದ ಗತಿ ಇನ್ನೂ ವಿಚಿತ್ರ. ಶಾಸ್ತ್ರಗಳಲ್ಲಿ ಅದು ದೋಷ. ಹಳೆಯ ಮೈಸೂರಿನ ಮನೆಮಾತಿನಲ್ಲಿ ಮಾತ್ರ ಅದು ದಣಿವು, ಕಾಹಿಲೆ. ನಮ್ಮ ತಾತಂದಿರ ಕಾಲದ ಕಾಗದಗಳನ್ನು ಬಿಚ್ಚಿ ನೋಡಿದರೆ, ದೇಹಾಲಸ್ಯದ ನಿಮಿತ್ತ ಮದುವೆಗೆ ಬರಲಾಗಲಿಲ್ಲವೆಂದು ಬರೆದಿರುವುದು ಕಾಣುವುದು. ಯಾರೂ ಅದನ್ನು ಸೋಮಾರಿತನದ ಒಪ್ಪಿಗೆಯೆಂದು ಓದಲಿಲ್ಲ. ಏಳಲಾರದ ಮೈಗೆ ಕಾರಣವಿರಬಹುದೆಂದು ಆ ಕಾಲದ ಗೃಹಸ್ಥರು ಬಲ್ಲರು.

ಸೈತಾನನ ನಾಣ್ಣುಡಿಗೆ ತೀರ ಹತ್ತಿರವಾದ ಕನ್ನಡ ಗಾದೆಯೊಂದಿದೆ: ಕೆಲಸವಿಲ್ಲದ ಬಡಗಿ ತನ್ನ ಮಗನ ಏನನ್ನೋ ಕೆತ್ತಿದನಂತೆ. ಏನನ್ನೆಂಬುದನ್ನು ಮನೆಮಂದಿಯೆಲ್ಲ ಓದುವ ಈ ಪುಟದಲ್ಲಿ ಅಚ್ಚುಹಾಕುವುದು ಉಚಿತವಲ್ಲ; ವಾಚಕರು ಬಲ್ಲರು. ಕೈ ಬರಿದಾದರೆ ಕೇಡಾಗುವುದೆಂಬ ಅಭಿಪ್ರಾಯ ಎರಡರಲ್ಲಿಯೂ ಒಂದೇ. ಭೇದವಿರುವುದು ಉಳಿದ ವಿವರದಲ್ಲಿ. ನಮ್ಮ ಗಾದೆಯಲ್ಲಿ ಸೈತಾನನಿಲ್ಲ. ಬಡಗಿಯು ಸೋಮಾರಿಯೂ ಅಲ್ಲ. ಉಳಿ ಹರಿತವಾಗಿದೆ, ಕೈ ಪಳಗಿದೆ, ಮರವಿಲ್ಲ. ಆ ಕೈ ಸುಮ್ಮನಿರಲಾರದೆ ಹತ್ತಿರ ಸಿಕ್ಕಿದುದನ್ನು ಕೆತ್ತಿತು. ಇಂಗ್ಲಿಷು ಮಾತು ತಪ್ಪನ್ನು ಕೈಯವನ ಮೇಲೆ ಹೊರಿಸುವುದು; ಕನ್ನಡ ಗಾದೆಯು ಮರವೆಲ್ಲಿ ಎಂದು ಕೇಳುವಂತಿದೆ. ಇದನ್ನು ಬರಿಯ ಮಾತಿನ ಚಮತ್ಕಾರವೆಂದು ಯಾರೂ ತಿಳಿಯಬಾರದು. ಕೆಲಸವಿಲ್ಲದ ಬಡಗಿಗಳ ಒಂದು ಊರೇ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಮ್ಮೆ ಇದ್ದಿತು.

ಆ ಊರು ಹುಣಸೂರು. ಬ್ರಿಟಿಷರ ಸೈನ್ಯಕ್ಕೆ ಸಾಮಗ್ರಿಗಳನ್ನು ಒದಗಿಸುವ ಕಮಿಸರಿಯಟ್ ಇಲಾಖೆಯು ಇಲ್ಲಿ ದೊಡ್ಡ ಕಾರ್ಖಾನೆಗಳನ್ನು ನಡೆಸುತ್ತಿದ್ದಿತು. ತೊಗಲು ಹದ ಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ದೊಡ್ಡ ಅಂಗಳ. ಜೊತೆಗೆ ಸೈನ್ಯದ ಬಂಡಿಗಳನ್ನೆಳೆಯುವ ಅಮೃತಮಹಲ್ ಎತ್ತುಗಳ ಇಲಾಖೆಯ ನೆಲೆಯೂ ಇದೇ. ಪಶ್ಚಿಮದ ಕಾಡಿನ ಮರ, ಸುತ್ತಣ ಹಳ್ಳಿಗಳ ಕುರಿ ಮತ್ತು ದನ, ಎಲ್ಲವೂ ಇಲ್ಲಿ ಬಂದು ಸೈನಿಕರ ಬೂಟು, ಬೆನ್ನುಚೀಲ, ಹೊದಿಕೆಗಳಾಗಿ ಹೊರಡುತ್ತಿದ್ದುವು. ೧೮೬೪ರಲ್ಲಿ ಸರ್ಕಾರವು ಈ ಕಾರ್ಖಾನೆಗಳನ್ನು ಮುಚ್ಚಿಬಿಟ್ಟಿತು. ಸೈತಾನನ ಕಾರ್ಖಾನೆಯ ಮಾತು ಹಾಗಿರಲಿ, ಸರ್ಕಾರದ ಕಾರ್ಖಾನೆಯೇ ಮುಚ್ಚಿದ ಮೇಲೆ ಆ ಕೈಗಳೆಲ್ಲ ಒಂದೇ ಸಲಕ್ಕೆ ಬರಿದಾದುವು.

ನಾಣ್ಣುಡಿಯ ಪ್ರಕಾರ ಹುಣಸೂರು ಕೆಟ್ಟು ಹಾಳಾಗಬೇಕಾಗಿದ್ದಿತು. ಆಗಲಿಲ್ಲ. ಕಾರ್ಖಾನೆಯಲ್ಲಿ ಕಲಿತ ಕಸಬು ಊರಿನಲ್ಲಿಯೇ ಉಳಿಯಿತೆಂದು ಮುಂದಿನ ಕಾಲದ ಸರ್ಕಾರಿ ಗ್ಯಾಜೆಟಿಯರುಗಳೇ ಬರೆದಿವೆ. ಬೂಟು, ಚೀಲ ಮೊದಲಾದ ತೊಗಲ ಸಾಮಾನುಗಳನ್ನೂ ಕಂಬಳಿಗಳನ್ನೂ ಜನರು ಸ್ವಂತವಾಗಿ ಮಾಡತೊಡಗಿದರು. ಎತ್ತಿನ ಗಾಡಿಗಳನ್ನು ಕಟ್ಟುವುದರಲ್ಲಿ ಊರು ಹೆಸರಾಯಿತು. ಕೊಡಗಿನ ಕಾಫಿಯ ಬೀಜವನ್ನು ಹದಗೊಳಿಸುವ ಕೆಲಸವೂ ಬಂದು ಸೇರಿತು. ಬರಿದಾದ ಕೈಗೆ ಕೆಲಸ ಹುಡುಕಿಕೊಟ್ಟವರು ಇಲ್ಲಿ ಗಾಡಿಯ ಅಚ್ಚು ಬೇಕಾದ ರೈತರು. ಮೈಸೂರಿನಿಂದ ಕೊಡಗಿಗೆ ಹೋಗುವ ಹೆದ್ದಾರಿಯ ಮೇಲೆ ಊರು ಇದ್ದುದೂ ಒಂದು ಭಾಗ್ಯವೇ. ಮುಚ್ಚಿದ ಕಾರ್ಖಾನೆಯ ಊರುಗಳೆಲ್ಲಕ್ಕೂ ಈ ಭಾಗ್ಯವಿರುವುದಿಲ್ಲ.

ನಮ್ಮ ಭಾಷೆಯು ಯಾವಾಗಲೂ ನ್ಯಾಯವಾಗಿಯೇ ನಡೆದಿದೆಯೆಂದು ನಾವು ಹೇಳುವುದಿಲ್ಲ. ಎರಡು ಶಬ್ದಗಳ ಕಥೆ ಇದಕ್ಕೆ ಸಾಕ್ಷಿ. ಇಂದು ‘ಬಿಟ್ಟಿ’ ಎಂದರೆ ಪುಕ್ಕಟೆ. ‘ಬಿಟ್ಟಿ ಕೂಳು’ ಎಂದರೆ ದುಡಿಯದೆ ತಿಂದ ಅನ್ನ. ಶಾಸನಗಳ ಕಾಲದಲ್ಲಿ ಬಿಟ್ಟಿಯೆಂದರೆ ಇದರ ತಿರುಗುಮುರುಗು. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಆ ಶಬ್ದಕ್ಕೆ ಕೂಲಿಯಿಲ್ಲದೆ ಅರಸನಿಗೆ ಮಾಡಿಕೊಡತಕ್ಕ ಬಲವಂತದ ದುಡಿಮೆಯೆಂದು ಅರ್ಥ. ಬಿಟ್ಟಿ ದುಡಿದವನ ಹೆಸರು ಬಿಟ್ಟಿ ತಿಂದವನಿಗೆ ಅಂಟಿಕೊಂಡಿತು! ‘ಜೀತ’ವೂ ಹಾಗೆಯೆ. ಹಳಗನ್ನಡದಲ್ಲಿ ಅದು ಸಂಬಳ, ಜೀವನಕ್ಕೆ ಆಧಾರ; ತೆಲುಗರು ಇಂದಿಗೂ ಸಂಬಳಕ್ಕೆ ಜೀತವೆಂದೇ ಹೇಳುವರು. ನಮ್ಮಲ್ಲಿ ಅದು ಸಾಲಕ್ಕೆ ಒತ್ತೆಯಿಟ್ಟ ಮನುಷ್ಯನ ಸಂಬಳವಿಲ್ಲದ ದುಡಿಮೆಯಾಯಿತು. ಹೊತ್ತು ಹುಟ್ಟುವ ಮೊದಲೇ ಕೊಟ್ಟಿಗೆ ಬಳಿದು, ದನ ಮೇಯಿಸಿ, ರಾತ್ರಿ ಜಗಲಿಯಲ್ಲಿ ಮಲಗುತ್ತಿದ್ದ ಜೀತದಾಳು ಒಂದು ಗಳಿಗೆ ಮರದ ನೆರಳಿನಲ್ಲಿ ಒರಗಿದರೆ, ಸೋಮಾರಿಯೆಂಬ ಬೈಗಳು ಮೊದಲು ಬೀಳುತ್ತಿದ್ದುದು ಅವನ ಮೇಲೆಯೇ. ಕಾನೂನಿನಲ್ಲಿ ಜೀತಪದ್ಧತಿ ಕೊನೆಗೊಂಡುದು ೧೯೭೫ರ ಸುಗ್ರೀವಾಜ್ಞೆ ಮತ್ತು ೧೯೭೬ರ ಶಾಸನದಿಂದ. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಅವರು. ಕಲ್ಲಹಳ್ಳಿಯಲ್ಲಿ ಬೇಸಾಯ ಮಾಡಿಸಿದ ಮನುಷ್ಯನಿಗೆ ಜೀತವೆಂದರೇನೆಂಬುದನ್ನು ಬೇರೆಯವರು ತಿಳಿಸಬೇಕಾಗಿರಲಿಲ್ಲ.

ಈಗ ಹೊಲಗಳ ಕಡೆಗೆ ಹೋಗೋಣ. ಹಿಂದೆ ಎಡತೊರೆಯೆನಿಸಿದ್ದ ಕೃಷ್ಣರಾಜನಗರದ ಸೀಮೆಯಲ್ಲಿ ಕಾವೇರಿಗೆ ಹಳೆಯ ಕಾಲದಿಂದಲೂ ಅಣೆಕಟ್ಟುಗಳುಂಟು. ನಾಲೆಗೆ ನೀರು ಬಿಟ್ಟಂದಿನಿಂದ ಬತ್ತದ ಒಕ್ಕಣೆ ಮುಗಿಯುವವರೆಗೆ ಮನೆಯಲ್ಲಿ ಒಂದು ಕೈಯೂ ಬಿಡುವಾಗಿರದು. ನಾಟಿಯ ದಿನಗಳಲ್ಲಂತೂ ಹೆಂಗಸರ ಬೆನ್ನು ನೆಟ್ಟಗಾಗುವುದು ರಾತ್ರಿ ಮಲಗಿದ ಮೇಲೆಯೇ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೇಸಾಯ ಇದಕ್ಕಿಂತಲೂ ಕಠಿನ. ಬೇಸಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಹದಕ್ಕೆ ನಾಟಿ, ಆಮೇಲೆ ಕೆಳಗಿನ ಎಲೆಯಿಂದ ಮೇಲಕ್ಕೆ, ಮಾಗಿದಂತೆ ಮಾಗಿದಂತೆ ಕೀಳುವುದು. ಕಿತ್ತ ಎಲೆಯನ್ನು ಕಡ್ಡಿಗೆ ಪೋಣಿಸಿ ಬ್ಯಾರನ್ನಿನಲ್ಲಿ ತೂಗುಹಾಕಿದ ಮೇಲೆ ಐದಾರು ದಿನ ಹಗಲಿರುಳೂ ಬೆಂಕಿಯನ್ನು ಕಾಯಬೇಕು. ಮೊದಲು ಮೆಲ್ಲನೆಯ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು, ಅನಂತರ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು. ಶಾಖ ಒಂದು ಗಳಿಗೆ ಮಿತಿ ಮೀರಿದರೆ ಬಣ್ಣ ಕೆಟ್ಟು, ಕಂಪಲಾಪುರದ ಅಥವಾ ಕಟ್ಟೆಮಳಲವಾಡಿಯ ಹರಾಜಿನಲ್ಲಿ ಬೆಲೆ ಬೀಳುವುದು. ಬ್ಯಾರನ್ನಿನ ಬಾಯಲ್ಲಿ ನಡುರಾತ್ರಿ ತೂಕಡಿಸುತ್ತ ಕುಳಿತ ರೈತನನ್ನು ದಾರಿಹೋಕನು ನೋಡಿದರೆ, ಸುಮ್ಮನೆ ಕುಳಿತ ಮನುಷ್ಯನೊಬ್ಬ ಮಾತ್ರ ಕಣ್ಣಿಗೆ ಬೀಳುವನು. ಅವನ ಒಂದು ವರ್ಷದ ಬದುಕು ಬೆಂಕಿಯ ಮೇಲಿದೆಯೆಂಬುದು ಕಣ್ಣಿಗೆ ಬೀಳದು. (ಈ ಬೆಳೆಯಿಂದ ಕಾಡಿನ ಸೌದೆಗೂ ಸೇದುವವರ ಎದೆಗೂ ಆಗುವ ಹಾನಿ ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.)

ಬಿಡುವು ಬರುವುದು ಆಮೇಲೆ. ರಾಗಿಯೂ ಬತ್ತವೂ ಮನೆ ಸೇರಿ, ಕಣ ಗುಡಿಸಿದ ಮೇಲೆ, ಸಂಕ್ರಾಂತಿಯ ಸುಮಾರಿಗೆ, ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಕೂಡುವುದು. ಜೋಡಿ ಎತ್ತುಗಳಿಗೆ ಕೊಂಬಣಸು ತೊಡಿಸಿ, ಚಪ್ಪರ ಹಾಕಿ, ರೈತರು ದಿನಗಟ್ಟಳೆ ಕುಳಿತಿರುವರು. ಕೊಳ್ಳುವವರು ಬಂದು ಹಲ್ಲು ಎಣಿಸುವರು, ಸುಳಿ ನೋಡುವರು, ಬೆಲೆ ಕೇಳುವರು, ಹೊರಟುಹೋಗುವರು, ಮತ್ತೆ ಬರುವರು. ಗಡಿಯಾರ ಹಿಡಿದು ಲೆಕ್ಕ ಹಾಕುವವನಿಗೆ ಇದು ಕಾಲಹರಣ. ಮುಂದಿನ ವರ್ಷದ ಉಳುಮೆ, ಮಗಳ ಸಂಬಂಧ, ಹಳೆಯ ಸಾಲದ ವಾಯಿದೆ, ಹೊಸ ತಳಿಯ ಬಿತ್ತನೆ, ಇವೆಲ್ಲ ತೀರ್ಮಾನವಾಗುವುದು ಆ ಚಪ್ಪರದ ಕೆಳಗೆ. ವಾರಕ್ಕೊಂದು ದಿನ ಎತ್ತಿಗೂ ಬಿಡುವು ಕೊಟ್ಟ ಜನರು ತಮಗೂ ಒಂದಿಷ್ಟು ಬಿಡುವನ್ನು ಇಟ್ಟುಕೊಂಡರೆ ಆಶ್ಚರ್ಯವಿಲ್ಲ.

ಬಿಡುವನ್ನು ಬೇರೊಂದು ರೀತಿಯಲ್ಲಿ ಬಳಸಿದವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟಿಯನರು. ಚೀನದ ಆಕ್ರಮಣದಿಂದ ನೆಲೆ ತಪ್ಪಿ ಬಂದ ಈ ಜನರಿಗೆ ಮೈಸೂರು ಸರ್ಕಾರವು ಸುಮಾರು ೩,೦೦೦ ಎಕರೆ ಕಾಡುಭೂಮಿಯನ್ನು ಕೊಟ್ಟಿತು. ೧೯೬೦-೬೧ರಲ್ಲಿ ಮೊದಲ ತಂಡಗಳು ಬಂದು ಬಿದಿರುಮೆಳೆಗಳನ್ನು ಕಡಿದು ನೆಲ ಹಸನು ಮಾಡಿದುವು. ಮಳೆಗಾಲದಲ್ಲಿ ಮುಸುಕಿನ ಜೋಳ ಬೆಳೆದು, ಅದು ಮನೆ ಸೇರಿದೊಡನೆ, ಚಳಿಗಾಲದ ತಿಂಗಳುಗಳಲ್ಲಿ ದೂರದ ನಗರಗಳ ಬೀದಿಗಳಲ್ಲಿ ಉಣ್ಣೆಯ ಸ್ವೆಟರುಗಳನ್ನು ಮಾರುವುದು ಇವರ ಪದ್ಧತಿಯಾಯಿತು. ಹೊಲಕ್ಕೆ ಕೆಲಸವಿಲ್ಲದ ಕಾಲವೇ ಸ್ವೆಟರಿಗೆ ಗಿರಾಕಿಯಿರುವ ಕಾಲವೆಂಬ ಲೆಕ್ಕಾಚಾರ ಜಾಣತನದ್ದು. ಆದರೆ ಅದಕ್ಕೆ ಜಾಣತನದ ಜೊತೆಗೆ ಸಾಲ ಕೊಡುವ ಸಗಟು ವ್ಯಾಪಾರಿಯೂ ರೈಲಿನ ದಾರಿಯೂ ಬೇಕಾದುವೆಂಬುದನ್ನು ಮರೆಯಲಾಗದು.

ಕೊನೆಯದಾಗಿ ಹೆಗ್ಗಡದೇವನಕೋಟೆಯ ಮತ್ತು ಹುಣಸೂರಿನ ಕಾಡಂಚಿಗೆ ಬರುತ್ತೇವೆ. ಇಲ್ಲಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬರ ಮೇಲೆ ಸೋಮಾರಿಗಳೆಂಬ ಮಾತು ಬಿದ್ದಷ್ಟು ಇನ್ನಾರ ಮೇಲೂ ಬಿದ್ದಿರಲಾರದು. ಪೇಟೆಯ ಜಗಲಿಗಳಲ್ಲಿ ಕುಳಿತು ಮಾತನಾಡುವವರು, “ಹಾಡಿಯವರು ದುಡಿಯುವುದಿಲ್ಲ, ಸರ್ಕಾರ ಎಷ್ಟು ಕೊಟ್ಟರೂ ಅಷ್ಟೆ” ಎಂದು ಬಹಳ ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪನ್ನು ನಾವು ಒಪ್ಪಲಾರೆವು.

ಜೇನುಕುರುಬರ ಹಳೆಯ ಬದುಕು ಕಾಡಿನ ಪಂಚಾಂಗವನ್ನು ಅನುಸರಿಸಿದ್ದು. ಬೇಸಗೆಯಲ್ಲಿ ಹೆಜ್ಜೇನು, ಉಳಿದ ಕಾಲದಲ್ಲಿ ತುಡುವೆ, ಕೋಲುಜೇನು, ಗೆಡ್ಡೆಗೆಣಸು, ನೆಲ್ಲಿ, ಸೀಗೆ, ಮರದ ಪಾಚಿ. ಹೆಜ್ಜೇನು ಕೀಳುವ ಕೆಲಸವನ್ನು ಸೋಮಾರಿಯಾದವನು ಒಂದು ರಾತ್ರಿ ಮಾಡಿ ನೋಡಲಿ. ಕತ್ತಲಲ್ಲಿ, ಎತ್ತರವಾದ ಮರದ ನುಣುಪಾದ ಬೊಡ್ಡೆಯನ್ನು ಹತ್ತಿ, ಹೊಗೆಯ ಸೂಡಿಯಿಂದ ನೊಣಗಳನ್ನು ಎಬ್ಬಿಸಿ, ಒಂದು ಕೈಯಲ್ಲಿ ಕೊಂಬೆಯನ್ನು ಹಿಡಿದು ಇನ್ನೊಂದು ಕೈಯಿಂದ ತಟ್ಟಿಯನ್ನು ಕೊಯ್ದು ಕೆಳಗಿಳಿಸಬೇಕು. ಆನೆಯನ್ನು ಪಳಗಿಸುವುದರಲ್ಲಿಯೂ ಇವರು ಗಟ್ಟಿಗರು. ವೀರನಹೊಸಹಳ್ಳಿಯಿಂದ ಹೊರಟು ಮೈಸೂರಿನ ದಸರೆಗೆ ಹೋಗುವ ಆನೆಗಳ ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಜೇನುಕುರುಬರು ಹಲವರು.

ಈ ಪಂಚಾಂಗ ಮುರಿದುಬಿತ್ತು. ೧೯೭೨ರ ವನ್ಯಜೀವಿ ಶಾಸನವಾಯಿತು. ೧೯೭೪ರಲ್ಲಿ ಬೀದರಹಳ್ಳಿಯ ಬಳಿ ಕಬಿನಿಯ ಅಣೆಕಟ್ಟು ಮುಗಿದು ಕಾಡೂ ಹಳ್ಳಿಗಳೂ ಮುಳುಗಿದುವು. ೧೯೮೮ರಲ್ಲಿ ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾಯಿತು. ಹುಲಿಯೂ ಆನೆಯೂ ಉಳಿದುದಕ್ಕೆ ನಾವು ಸಂತೋಷಪಡುತ್ತೇವೆ. ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಹೇಳಬೇಕು. ಉಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ, ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿಯು ೨೦೧೪ರಲ್ಲಿ ಒಪ್ಪಿಸಿದ ವರದಿಯಂತೆ, ಕಾಡಿನಿಂದ ನೆಲೆ ತಪ್ಪಿದ ಆದಿವಾಸಿ ಕುಟುಂಬಗಳು ಮೂರು ಸಾವಿರಕ್ಕೂ ಹೆಚ್ಚು. ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ಮನೆಯೂ ಹೊಲವೂ ದೊರೆತುವು. ಅನೇಕರಿಗೆ ಉಳಿದುದು ಕೊಡಗಿನ ಕಾಫಿತೋಟಗಳ ಕೂಲಿ. ಬೆಳಗಾಗುತ್ತಲೆ ತೋಟದ ಜೀಪು ಬಂದು ಆಳುಗಳನ್ನು ಕರೆದೊಯ್ಯುವುದು. ಕಾಫಿ ಕೊಯ್ಲಿನ ಕಾಲದಲ್ಲಿ ಎಲ್ಲರಿಗೂ ಕರೆ; ಬೇರೆ ಕಾಲದಲ್ಲಿ ಕೆಲವರಿಗೆ. ಕರೆ ಬಾರದವನು ಹಾಡಿಯಲ್ಲಿ ಉಳಿಯುವನು. ಮಧ್ಯಾಹ್ನ ಅಲ್ಲಿಗೆ ಕಾರಿನಲ್ಲಿ ಹೋದವನ ಕಣ್ಣಿಗೆ ಬೀಳುವವನು ಇವನೇ. ಅವನ ಉಳಿ ಹರಿತವಾಗಿದೆ. ಮರವನ್ನು ಸರ್ಕಾರ ಬೇಲಿಯೊಳಗೆ ಇಟ್ಟಿದೆ. ೨೦೦೬ರ ಅರಣ್ಯಹಕ್ಕು ಶಾಸನವು ಕಿರು ಉತ್ಪನ್ನಗಳ ಮೇಲಿನ ಹಕ್ಕನ್ನು ಇವರಿಗೆ ಕಾಗದದ ಮೇಲೆ ಮರಳಿ ಕೊಟ್ಟಿತೇನೋ ನಿಜ. ಹಾಡಿಯವರು ಹಿಡಿದ ಅರ್ಜಿಗಳ ಕಟ್ಟು ಮಾತ್ರ ಕಚೇರಿಯಿಂದ ಕಚೇರಿಗೆ ನಡೆಯುತ್ತ ಬಂದಿದೆ.

ಜೆರೋಮನ ಜೇನುಗೂಡನ್ನೂ ವಾಟ್ಸನ ಹಾಡನ್ನೂ ಈಗ ನೆನೆಯಬಹುದು. ಒಂದು ಗಳಿಗೆಯನ್ನೂ ವ್ಯರ್ಥಮಾಡದ ಜೀವಿಯೆಂದು ಆಂಗ್ಲೇಯರ ಮಕ್ಕಳಿಗೆ ತೋರಿಸಿದ ಆ ಜೇನುನೊಣವು ದಿನವೆಲ್ಲ ಏನು ಮಾಡುವುದೆಂದು ಜರ್ಮನಿಯ ಮಾರ್ಟಿನ್ ಲಿಂಡವರ್ ಎಂಬ ವಿಜ್ಞಾನಿ ತಾಳ್ಮೆಯಿಂದ ನೋಡಿದನು. ಗಾಜಿನ ಗೂಡಿನಲ್ಲಿ ಒಂದು ನೊಣಕ್ಕೆ ಗುರುತು ಹಾಕಿ, ಒಟ್ಟು ಸುಮಾರು ೧೭೭ ಗಂಟೆಗಳ ಕಾಲ ಅದರ ಬೆನ್ನು ಬಿಡದೆ ಲೆಕ್ಕ ಬರೆದು, ೧೯೫೨ರಲ್ಲಿ ಅದನ್ನು ಪ್ರಕಟಿಸಿದನು. ಅದರಲ್ಲಿ ಸುಮಾರು ೭೦ ಗಂಟೆ ಆ ನೊಣವು ಏನನ್ನೂ ಮಾಡದೆ ನಿಂತಿದ್ದಿತು. ಇನ್ನೂ ೫೬ ಗಂಟೆ ಗೂಡಿನೊಳಗೆ ಅತ್ತಿತ್ತ ಅಡ್ಡಾಡಿಕೊಂಡಿದ್ದಿತು. ಉಳಿದ ಹೊತ್ತಿನಲ್ಲಿ ಮಾತ್ರ ಮರಿಗಳ ಆರೈಕೆ, ಗೂಡಿನ ಶುಚಿ ಮೊದಲಾದ ಕೆಲಸಗಳು. ಅಡ್ಡಾಟವು ವ್ಯರ್ಥವಾಗಿರಲಿಲ್ಲ, ಎಲ್ಲಿ ಯಾವ ಕೋಣೆಯಲ್ಲಿ ಏನಾಗಬೇಕಾಗಿದೆ ಎಂಬುದನ್ನು ಅದು ಆಗ ಕಂಡುಕೊಳ್ಳುತ್ತಿದ್ದಿತು. ಸುಮ್ಮನೆ ನಿಂತ ನೊಣಗಳಾದರೋ, ಹೊರಗೆ ಹೂವು ಒಮ್ಮೆಲೇ ಅರಳಿದಾಗ ಕೆಲಸಕ್ಕೆ ಒದಗುವ ಮೀಸಲು ಪಡೆ. ಪಾದ್ರಿಯು ಗೂಡಿನ ಬಾಯಿಯನ್ನು ಮಾತ್ರ ನೋಡಿದ್ದನು.

ಹೆಜ್ಜೇನು ವರ್ಷವರ್ಷವೂ ತನ್ನ ಹಳೆಯ ಮರಕ್ಕೇ ಹಿಂದಿರುಗುವುದುಂಟು. ಯಾವ ಮರಕ್ಕೆ ಬಂದಿದೆ, ಯಾವುದಕ್ಕೆ ಇನ್ನೂ ಬಂದಿಲ್ಲ, ಯಾವ ಹೂವು ಮುಗಿಯಿತು, ಯಾವುದು ಮೊಗ್ಗಾಗಿದೆ, ತಟ್ಟಿ ಎಷ್ಟು ತುಂಬಿದೆ ಎಂಬುದನ್ನೆಲ್ಲ ಜೇನುಕುರುಬನು ತಿಳಿಯುವುದು ಕೈಬೀಸಿಕೊಂಡು ಕಾಡಿನಲ್ಲಿ ಅಲೆಯುವುದರಿಂದ. ಒಂದು ಮರದ ಕೆಳಗೆ ನಿಂತು ಬಹಳ ಹೊತ್ತು ಮೇಲಕ್ಕೆ ನೋಡುವನು. ಬೀಡಿ ಹೊತ್ತಿಸಿ ಹೊಗೆ ಯಾವ ಕಡೆಗೆ ವಾಲುವುದೆಂದು ಗಮನಿಸುವನು. ಏನನ್ನೂ ಮುಟ್ಟದೆ ಮುಂದಿನ ಮರಕ್ಕೆ ನಡೆಯುವನು. ಸಂಜೆಗೆ ಬರಿಗೈಯಲ್ಲಿ ಹಾಡಿಗೆ ಮರಳಿದವನು ಹತ್ತು ಮರಗಳ ಲೆಕ್ಕವನ್ನು ತಂದಿರುವನು.